ದಾರ್ಫುರ್‌ಗಾಗಿ ಅಂದು ಕೂಗಿದವರು ಇಂದು ಎಲ್ಲಿ? ಪರದೇಶದ ಅನ್ಯಾಯಕ್ಕೆ ಯೆಹೂದಿಗಳ ಹೊಣೆ ಎಷ್ಟು?

ಚಾವಡಿ
2025ರ ಅಕ್ಟೋಬರ್ 26ಕ್ಕೆ ಸುಡಾನಿನ ದಾರ್ಫುರ್ ಪ್ರಾಂತ್ಯದ ಎಲ್ ಫಾಶೆರ್ ನಗರ ಬಿತ್ತು. ಒಂದೂವರೆ ವರ್ಷದ ಮುತ್ತಿಗೆ ಆದಮೇಲೆ ಆರ್‌ಎಸ್‌ಎಫ್ ಅರೆಸೇನಾ ಪಡೆ ಒಳಗೆ ನುಗ್ಗಿತು, ಆಮೇಲೆ ನಡೆದ ಸಾಮೂಹಿಕ ಕೊಲೆ ಎಲ್ಲರಿಗೂ ಗೊತ್ತು. ಇದು ಇಪ್ಪತ್ತು ವರ್ಷದ ಹಿಂದೆ ಸುಡಾನ್ ಸರ್ಕಾರ ಮತ್ತು ಅದರ ಅರಬ್ ಪಡೆಗಳು ಜನರನ್ನು ಕೊಂದ ಅದೇ ದಾರ್ಫುರ್. 2004ರಲ್ಲಿ ಅಮೆರಿಕದಲ್ಲಿ ಇದಕ್ಕಾಗಿ ಮೊದಮೊದಲು ಗಂಟಲು ಹರಿದುಕೊಂಡವರು ಯೆಹೂದಿ ಸಂಘಟನೆಗಳು. ಆ ವರ್ಷ ಜುಲೈ 14ರಂದು ನ್ಯೂಯಾರ್ಕ್‌ನಲ್ಲಿ ಅಮೆರಿಕನ್ ಜ್ಯೂಯಿಶ್ ವರ್ಲ್ಡ್ ಸರ್ವಿಸ್ ಮತ್ತು ವಾಷಿಂಗ್ಟನ್ನಿನ ಹಾಲೊಕಾಸ್ಟ್ ಮ್ಯೂಸಿಯಂ ಸೇರಿ ಕರೆದ ಸಭೆಯಲ್ಲಿ ಸೇವ್ ದಾರ್ಫುರ್ ಒಕ್ಕೂಟ ಹುಟ್ಟಿತು. 2006ರ ಏಪ್ರಿಲ್ 30ರಂದು ರಾಜಧಾನಿಯಲ್ಲಿ ಸಾವಿರಾರು ಜನ ಸೇರಿದರು. ಈ ಸಲ ಹಾಗೇನೂ ಕಾಣಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. 'ಬೇರೆ ದೇಶದ ಬೇರೆಯವರಿಗೆ ಅನ್ಯಾಯವಾದರೂ ನಾವು ಬಾಯಿಬಿಡಬೇಕು' ಅನ್ನೋದು ಅವರ ಧರ್ಮಶಾಸ್ತ್ರದಲ್ಲೇ ಇದೆಯಾ, ಇಲ್ಲ ಹಾಲೊಕಾಸ್ಟ್, ಅಂದರೆ ನಾಜಿಗಳ ಯೆಹೂದಿ ಹತ್ಯಾಕಾಂಡ, ಆದಮೇಲೆ ಬಂದ ಮಾತಾ? ಇನ್ನೊಂದು, ಅಷ್ಟೆಲ್ಲ ಕೂಗಿ ಕೊನೆಗೆ ಆದದ್ದೇನು? ಬಲ್ಲವರು ವಿವರವಾಗಿ ಬರೀರಿ. ವಾಟ್ಸಾಪ್ ಫಾರ್ವರ್ಡ್ ಬೇಡ.

ಅರ್ಧಲೋಟ
ಎಲ್ಲಿ ಏನಾದರೂ ಯೆಹೂದಿಗಳೇ ಯಾಕೆ ಉತ್ತರ ಕೊಡಬೇಕು? ಎಲ್ ಫಾಶೆರ್‌ಗೆ ನಾವು ಕನ್ನಡದವರು ಎಷ್ಟು ಅತ್ತಿದ್ದೀವಿ?

ಹಳೆಗಂಟು
@ಅರ್ಧಲೋಟ, ಕೇಳುತ್ತಿರೋದು ನಾವಲ್ಲ, ಅವರ ಗ್ರಂಥವೇ. ಸ್ವಲ್ಪ ಉದ್ದ ಆಗುತ್ತೆ, ತಡಕೊಳ್ಳಿ.

ಬೈಬಲಿನ ಯಾಜಕಕಾಂಡ 19:16 ಎಲ್ಲರೂ ಎತ್ತಿ ಹೇಳೋ ವಚನ: ನೆರೆಯವನ ರಕ್ತ ಹರಿಯುವಾಗ ಸುಮ್ಮನೆ ನಿಲ್ಲಬೇಡ. ಯೆಹೂದಿ ಧರ್ಮಶಾಸ್ತ್ರದ ಚರ್ಚಾಗ್ರಂಥ ತಾಲ್ಮುದ್‌ನ ಸನ್ಹೆದ್ರಿನ್ ಭಾಗದ 73ಎ ಪುಟ ಇದನ್ನು ಬಹಳ ಲೌಕಿಕವಾಗಿ ಬಿಡಿಸುತ್ತದೆ. ಒಬ್ಬ ಹೊಳೆಯಲ್ಲಿ ಮುಳುಗುತ್ತಿದ್ದಾನೆ, ಇಲ್ಲ ಕಾಡುಮೃಗ ಎಳೆದುಕೊಂಡು ಹೋಗುತ್ತಿದೆ, ಇಲ್ಲ ದರೋಡೆಕೋರರು ಬಿದ್ದಿದ್ದಾರೆ ಅಂದರೆ ಬಿಡಿಸಲೇಬೇಕು. ನಿನಗೆ ಈಜು ಬಾರದಿದ್ದರೆ ಕೂಲಿ ಕೊಟ್ಟು ಈಜುಗಾರನನ್ನು ಇಳಿಸು ಅಂತಲೂ ಇದೆ. ಅಂದರೆ ಮೈ ಮಾತ್ರ ಅಲ್ಲ, ಜೇಬೂ ಹೊಣೆ.

ಶಬ್ಬಾತ್ 54ಬಿ ಇನ್ನೂ ಖಾರ. ಮನೆಯವರನ್ನು ತಡೆಯುವ ಶಕ್ತಿ ಇದ್ದೂ ತಡೆಯದವನು ಮನೆಯವರ ತಪ್ಪಿಗೆ ಸಿಕ್ಕಿಬೀಳುತ್ತಾನೆ, ಊರಿನವರನ್ನು ತಡೆಯಬಲ್ಲವನು ಊರಿನ ತಪ್ಪಿಗೆ, ಇಡೀ ಲೋಕವನ್ನು ತಡೆಯಬಲ್ಲವನು ಲೋಕದ ತಪ್ಪಿಗೆ. ಇಲ್ಲಿ ಅಳತೆಗೋಲು ದೂರ ಅಲ್ಲ, ಶಕ್ತಿ. ನಿನ್ನ ಮಾತು ಎಲ್ಲಿಯವರೆಗೆ ನಡೆಯುತ್ತದೋ ಹೊಣೆಯೂ ಅಲ್ಲಿಯವರೆಗೆ.

ಅದಕ್ಕೆ ತದ್ವಿರುದ್ಧ ಕಾಣುವ ಮಾತೂ ಇದೆ. ಯೆವಾಮೋತ್ 65ಬಿ: ಕೇಳಿಸಿಕೊಳ್ಳುವ ಕಡೆ ಹೇಳೋದು ಹೇಗೆ ಪುಣ್ಯವೋ, ಕೇಳಿಸಿಕೊಳ್ಳದ ಕಡೆ ಹೇಳದೇ ಇರೋದೂ ಹಾಗೇ ಪುಣ್ಯ. ನಮ್ಮಲ್ಲಿ ಕೋಣನ ಮುಂದೆ ಕಿನ್ನರಿ ಅಂತೀವಲ್ಲ, ಹಾಗೆ. ಸುಮ್ಮನಿರಬೇಕು ಅನ್ನೋರು ಇದನ್ನು ಹಿಡಿಯುತ್ತಾರೆ, ಮಾತಾಡಬೇಕು ಅನ್ನೋರು ಶಬ್ಬಾತ್ ಹಿಡಿಯುತ್ತಾರೆ.

ಕೆಂಪುಶಾಯಿ
ಮೂಲಪೋಸ್ಟ್‌ಗೆ ಒಂದು ತಿದ್ದುಪಡಿ. ವಾಷಿಂಗ್ಟನ್ನಿನ ಹಾಲೊಕಾಸ್ಟ್ ಮ್ಯೂಸಿಯಂ ಯೆಹೂದಿ ಸಂಘಟನೆ ಅಲ್ಲ, ಅದು ಅಮೆರಿಕದ ಫೆಡರಲ್ ಸಂಸ್ಥೆ. 1993ರ ಏಪ್ರಿಲ್ 22ಕ್ಕೆ ಉದ್ಘಾಟನೆ ಆಯಿತು. ಅವತ್ತು ಮಾತಾಡಿದ, ನಾಜಿ ಶಿಬಿರದಿಂದ ಬದುಕಿ ಬಂದ ಲೇಖಕ ಎಲೀ ವೀಸೆಲ್ ವೇದಿಕೆಯಲ್ಲೇ ಅಧ್ಯಕ್ಷ ಕ್ಲಿಂಟನ್ ಕಡೆ ತಿರುಗಿ, ಹಿಂದಿನ ಯುಗೊಸ್ಲಾವಿಯದ ರಕ್ತಪಾತ ನಿಲ್ಲಿಸಲು ಏನಾದರೂ ಮಾಡಿ ಅಂದರು. ಬೊಸ್ನಿಯದಲ್ಲಿ ಸಾಯುತ್ತಿದ್ದವರಲ್ಲಿ ಹೆಚ್ಚಿನವರು ಮುಸ್ಲಿಮರು, ಇದೂ ನೆನಪಿರಲಿ.

ಕರಾವಳಿ_ಕಾಗೆ
ಹಳೆಗಂಟು ಮಾರಾಯ್ರೆ, ಆ ವಚನದಲ್ಲಿ 'ನೆರೆಯವನು' ಅಂದ್ರೆ ಯೆಹೂದಿ ಮಾತ್ರ ಅಂತ ವಾದ ಮಾಡುವವರು ಇದ್ದಾರಲ್ಲ? 'ಒಂದು ಜೀವ ಉಳಿಸಿದವನು ಇಡೀ ಲೋಕ ಉಳಿಸಿದ ಹಾಗೆ' ಅನ್ನೋದಕ್ಕೂ ಎರಡು ಪಾಠ ಉಂಟು. ಒಂದರಲ್ಲಿ 'ಇಸ್ರಾಯೇಲಿನ ಒಂದು ಜೀವ' ಅಂತ ಉಂಟು. ಅದನ್ನು ಬಿಟ್ಟು ಚಂದ ಚಂದದ್ದು ಮಾತ್ರ ಹೇಳಿದರೆ ಹೇಗೆ?

ಹಳೆಗಂಟು
ಒಪ್ಪಿದೆ. ತಾಲ್ಮುದಿನ ಮೂಲಭಾಗ ಮಿಶ್ನಾದಲ್ಲಿ ಆ ಮಾತಿರುವ ಸನ್ಹೆದ್ರಿನ್ 4:5ಕ್ಕೆ ಪಾಠಾಂತರ ಇರೋದು ನಿಜ. ಕಟ್ಟುನಿಟ್ಟಿನ ಶಾಸ್ತ್ರದಲ್ಲಿ 19:16 ಹೊರಗಿನವರಿಗೂ ಅನ್ವಯವೇ ಅನ್ನೋದು ಜಗಳದ ವಿಷಯ. ಅದಕ್ಕೇ ನನ್ನ ಕೇಳಿದರೆ ಆ ವಚನಕ್ಕಿಂತ ಬೈಬಲಿನ ಪ್ರವಾದಿ ಆಮೋಸನ ಗ್ರಂಥದ ಮೊದಲ ಎರಡು ಅಧ್ಯಾಯ ಗಟ್ಟಿ ಆಧಾರ.

ಅಲ್ಲಿ ಆಮೋಸ ಸುತ್ತಲಿನ ರಾಜ್ಯಗಳನ್ನು ಒಂದೊಂದಾಗಿ ಕರೆದು ದೋಷಾರೋಪ ಮಾಡುತ್ತಾನೆ: ದಮಸ್ಕ, ಗಾಜಾ, ತೂರ್, ಎದೋಮ್, ಅಮ್ಮೋನ್, ಮೋವಾಬ್. ಅಮ್ಮೋನ್ಯರ ಮೇಲಿನ ಆರೋಪ, ಗಡಿ ವಿಸ್ತರಿಸಲು ಗಿಲ್ಯಾದಿನ ಬಸುರಿಯರ ಹೊಟ್ಟೆ ಸೀಳಿದರು ಅಂತ. ಗಾಜಾದ ಮೇಲೆ ಇರೋದು ಊರಿಗೆ ಊರನ್ನೇ ಸೆರೆಹಿಡಿದು ಮಾರಿದ್ದು. ಇವನ್ನು 'ನಮ್ಮವರಿಗೆ ಮಾಡಿದ್ದಕ್ಕೆ ಸಿಟ್ಟು' ಅನ್ನಬಹುದು. ಆದರೆ 2:1ರಲ್ಲಿ ಮೋವಾಬ್‌ನ ಅಪರಾಧ ನೋಡಿ, ಎದೋಮ್ ಅರಸನ ಎಲುಬು ಸುಟ್ಟು ಸುಣ್ಣ ಮಾಡಿದ್ದು. ಸುಟ್ಟವನೂ ಇಸ್ರಾಯೇಲ್ಯನಲ್ಲ, ಸುಡಿಸಿಕೊಂಡವನೂ ಅಲ್ಲ. ಅದೂ ಎದೋಮ್ ಅಂದರೆ ಶತ್ರು, ಮೇಲಿನ ಪಟ್ಟಿಯಲ್ಲೇ ಬೈಸಿಕೊಂಡವನು. ಶತ್ರುವಿನ ಹೆಣಕ್ಕೆ ಮೂರನೆಯವನು ಮಾಡಿದ ಅವಮಾನಕ್ಕೆ ಈ ಕುರುಬ ಪ್ರವಾದಿ ಯಾಕೆ ಬಾಯಿಬಿಡಬೇಕು? ನೀವು ಕೇಳಿದ ಪ್ರಶ್ನೆ ಅಲ್ಲೇ ಇದೆ.

ಇದನ್ನೆಲ್ಲ ಕೇಳಿ ಜನ ತಲೆದೂಗುತ್ತಿರುವಾಗ ಪಟ್ಟಿ ನಿಲ್ಲುವುದಿಲ್ಲ. 2:4ಕ್ಕೆ ಯೆಹೂದ, 2:6ಕ್ಕೆ ಇಸ್ರಾಯೇಲ್. ಒಂದು ಜೋಡಿ ಕೆರಕ್ಕೆ ಬಡವನನ್ನು ಮಾರಿದಿರಿ ಅಂತ ಮನೆಯವರಿಗೇ ಶುರು ಮಾಡುತ್ತಾನೆ.

ಪೇಡೆನಗರ
ಭಾರೀ ಆತು ಬಿಡ್ರಿ. ಪ್ರವಾದಿ ಯೋನನ ಕಥೀನೂ ಸೇರಿಸ್ರಿ. ನಿನೆವೆ ಅಂದ್ರ ಅಸ್ಸೀರಿಯಾದವರ ಊರು, ಮುಂದ ಇಸ್ರಾಯೇಲಿನ ಉತ್ತರದ ರಾಜ್ಯ ಹಾಳು ಮಾಡಿದವರೂ ಅವರs. ಅಂಥಾ ಊರಿಗೆ ಹೋಗಿ ಎಚ್ಚರಿಕಿ ಕೊಟ್ಟು ಬಾ ಅಂದ್ರ ಅಂವಾ ಹಡಗ ಹತ್ತಿ ಓಡಿ ಹೋಗ್ತಾನ. ಯೋಮ್ ಕಿಪ್ಪುರ್, ಅಂದ್ರ ಯೆಹೂದಿಗಳ ಪ್ರಾಯಶ್ಚಿತ್ತದ ದಿನ, ಮಧ್ಯಾಹ್ನದ ಮ್ಯಾಲೆ ಉಪವಾಸದಾಗ ಕುಂತು ಓದೋದು ಇದನ್ನs.

ಅರ್ಧಲೋಟ
ಸರಿ, ಗ್ರಂಥದಲ್ಲಿ ಇದೆ. ಗ್ರಂಥದಲ್ಲಿ ಇರೋದನ್ನೆಲ್ಲ ಯಾರು ಮಾಡ್ತಾರೆ? ಹೇಳೋದು ಶಾಸ್ತ್ರ, ಇಕ್ಕೋದು ಗಾಳ. ನಿಜಜೀವನದಲ್ಲಿ ಸಂಘಟನೆಗಳು ಲಾಭನಷ್ಟ ನೋಡೇ ಬಾಯಿಬಿಡೋದು. ಆರ್ಮೇನಿಯ ವಿಷಯದಲ್ಲಿ ಎಡಿಎಲ್, ಅಮೆರಿಕದ ಆ ಯೆಹೂದಿ ದ್ವೇಷವಿರೋಧಿ ಸಂಘಟನೆ, ಏನ್ ಮಾಡ್ತು ಹೇಳಿ.

ಕೆಂಪುಶಾಯಿ
ಹೇಳಬಹುದು. 2007ರಲ್ಲಿ ಮ್ಯಾಸಚೂಸೆಟ್ಸ್‌ನ ವಾಟರ್‌ಟೌನ್, ಆರ್ಮೇನಿಯದವರು ಬಹಳ ಇರೋ ಊರು, ಎಡಿಎಲ್‌ನ ದ್ವೇಷವಿರೋಧಿ ಕಾರ್ಯಕ್ರಮದಿಂದ ಹೊರಬಂತು. ಕಾರಣ, 1915ರಲ್ಲಿ ಒಟ್ಟೊಮನ್ ಟರ್ಕಿಯಲ್ಲಿ ನಡೆದ ಆರ್ಮೇನಿಯದವರ ಸಾಮೂಹಿಕ ಕೊಲೆಯನ್ನು ಎಡಿಎಲ್ ಜನಾಂಗಹತ್ಯೆ ಅಂತ ಕರೆಯುತ್ತಿರಲಿಲ್ಲ. ಸ್ಥಳೀಯ ನಿರ್ದೇಶಕರು ಕರೆಯಬೇಕು ಅಂದರು, ಕೇಂದ್ರ ಕಚೇರಿ ಅವರನ್ನು ಕೆಲಸದಿಂದ ತೆಗೆಯಿತು. ಗಲಾಟೆ ಜೋರಾಗಿ ಕೆಲವೇ ದಿನದಲ್ಲಿ ವಾಪಸ್ ತಗೊಂಡಿತು. ಹೊಸ ಹೇಳಿಕೆಯಲ್ಲಿ 'ಪರಿಣಾಮದಲ್ಲಿ ಜನಾಂಗಹತ್ಯೆಗೆ ಸಮ' ಅನ್ನೋ ಅಡ್ಡಗೋಡೆ ಮೇಲಿನ ದೀಪ. ನೇರವಾಗಿ ಹೇಳಲು 2016 ಬರಬೇಕಾಯಿತು.

ಹಿಂಜರಿಕೆಗೆ ಕಾರಣ ಮುಚ್ಚಿಟ್ಟದ್ದೇನಲ್ಲ. ಟರ್ಕಿಯಲ್ಲಿ ಉಳಿದ ಸಣ್ಣ ಯೆಹೂದಿ ಸಮುದಾಯಕ್ಕೆ ತೊಂದರೆ ಆಗಬಾರದು, ಇಸ್ರೇಲ್-ಟರ್ಕಿ ಸಂಬಂಧ ಕೆಡಬಾರದು. ಮೊದಲನೆಯದನ್ನು ತಳ್ಳಿಹಾಕೋದು ಸುಲಭವಲ್ಲ. ಎರಡನೆಯದು ಬರೀ ರಾಜಕೀಯ.

ಇದರ ಇನ್ನೊಂದು ಮುಖ: 1915ರಲ್ಲಿ ಆ ಸುದ್ದಿಯನ್ನು ಅಮೆರಿಕ ಸರ್ಕಾರದ ಕಿವಿಗೆ ಹಾಕಿದ್ದೇ ಒಬ್ಬ ಯೆಹೂದಿ. ಒಟ್ಟೊಮನ್ ರಾಜಧಾನಿಯಲ್ಲಿ ರಾಯಭಾರಿಯಾಗಿದ್ದ ಹೆನ್ರಿ ಮಾರ್ಗೆಂಥೌ, ಜುಲೈ 16ರಂದು ಕಳಿಸಿದ ತಂತಿಯಲ್ಲಿ ಒಂದು ಜನಾಂಗವನ್ನೇ ಅಳಿಸುವ ಕಾರ್ಯಾಚರಣೆ ನಡೆದಿದೆ ಅಂತ ಬರೆದರು. ಆಮೇಲೆ ನ್ಯೂಯಾರ್ಕ್‌ನಲ್ಲಿ ಪರಿಹಾರ ಸಮಿತಿ ಹುಟ್ಟಿತು, ಅದೇ ಮುಂದೆ ನಿಯರ್ ಈಸ್ಟ್ ರಿಲೀಫ್ ಆಯಿತು.

ಚಾವಡಿ
ಅವರ ಮಗ ತಾನೇ ರೂಸ್‌ವೆಲ್ಟ್ ಕಾಲದ ಹಣಕಾಸು ಸಚಿವ?

ಕೆಂಪುಶಾಯಿ
ಹೌದು, ಅದೇ ಹೆಸರು. ವಿದೇಶಾಂಗ ಇಲಾಖೆ ಯುರೋಪಿನ ಯೆಹೂದಿಗಳ ರಕ್ಷಣೆಗೆ ಅಡ್ಡಗಾಲು ಹಾಕುತ್ತಿದೆ ಅಂತ ಅವರ ಕೈಕೆಳಗಿನ ಅಧಿಕಾರಿಗಳೇ 1944ರ ಜನವರಿಯಲ್ಲಿ ವರದಿ ಬರೆದರು. ಆ ತಿಂಗಳು 22ಕ್ಕೆ ಯುದ್ಧ ನಿರಾಶ್ರಿತರ ಮಂಡಳಿ ಸ್ಥಾಪನೆ ಆಯಿತು. ಅದಕ್ಕೂ ಮೂರು ತಿಂಗಳ ಹಿಂದೆ, 1943ರ ಅಕ್ಟೋಬರ್ 6ರಂದು, ಸುಮಾರು 400 ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು, ವಾಷಿಂಗ್ಟನ್‌ಗೆ ಮೆರವಣಿಗೆ ಹೋಗಿದ್ದರು. ಅಧ್ಯಕ್ಷರು ಭೇಟಿಯನ್ನೇ ಕೊಡಲಿಲ್ಲ. ಬೀದಿಯ ಕೂಗು ಮತ್ತು ಕಚೇರಿಯೊಳಗಿನ ಕಾಗದ, ಎರಡೂ ಬೇಕಾಯಿತು.

ಪದಕೋಶ
ಮಧ್ಯೆ ಬಾಯಿ ಹಾಕ್ತೀನಿ. ಪೇಪರಿನವರು ಎಲ್ಲದಕ್ಕೂ 'ನರಮೇಧ' ಅಂತಾರಲ್ಲ, ಅದು ಸರಿ ಅಲ್ಲ. ಮೇಧ ಅಂದ್ರೆ ಯಜ್ಞ, ಅಶ್ವಮೇಧ ಇದ್ದ ಹಾಗೆ. ಕೊಲೆಗಾರನಿಗೆ ಪುರೋಹಿತನ ಪಟ್ಟ ಯಾಕೆ? ತಮಾಷೆ ಅಂದ್ರೆ 'ಹಾಲೊಕಾಸ್ಟ್' ಅನ್ನೋ ಗ್ರೀಕ್ ಮೂಲದ ಪದಕ್ಕೂ ಇದೇ ರೋಗ, ಅದರ ಅರ್ಥ ಪೂರ್ತಿ ಸುಟ್ಟ ಬಲಿ. ಅದಕ್ಕೇ ಬಹಳ ಯೆಹೂದಿಗಳು 'ಶೋಆ' ಅಂತಾರೆ, ಮಹಾವಿನಾಶ ಅಂತ.

'ಜೆನೊಸೈಡ್' ರಫಾಯೆಲ್ ಲೆಮ್ಕಿನ್ 1944ರಲ್ಲಿ ಟಂಕಿಸಿದ್ದು. ಅರ್ಧ ಗ್ರೀಕು, ಅರ್ಧ ಲ್ಯಾಟಿನ್. ಪೋಲೆಂಡಿನ ಯೆಹೂದಿ ವಕೀಲ, ಮನೆಯವರು ಬಂಧುಗಳು ಸೇರಿ 49 ಜನರನ್ನು ಕಳೆದುಕೊಂಡ ಮನುಷ್ಯ. ಕನ್ನಡಕ್ಕೆ 'ಜನಾಂಗಹತ್ಯೆ' ಸಾಕು.

ಅರ್ಧಲೋಟ
'ಕುಲನಾಶ' ಇನ್ನೂ ಚೆನ್ನಾಗಿಲ್ವಾ?

ಪದಕೋಶ
ಅದು ಶಾಪ ಹಾಕಿದ ಹಾಗಿದೆ ಗುರು. ಕಾನೂನಿಗೆ ಹೊಂದಲ್ಲ. ಜನಾಂಗಹತ್ಯೆ ತಡೆ ಒಪ್ಪಂದದ ಎರಡನೇ ವಿಧಿ ರಾಷ್ಟ್ರೀಯ, ಜನಾಂಗೀಯ, ವರ್ಣೀಯ ಅಥವಾ ಧಾರ್ಮಿಕ ಗುಂಪನ್ನು ಪೂರ್ತಿಯಾಗಲೀ ಭಾಗಶಃವಾಗಲೀ ನಾಶ ಮಾಡುವ 'ಉದ್ದೇಶ' ಇರಬೇಕು ಅನ್ನುತ್ತೆ. ರಾಜಕೀಯ ಗುಂಪುಗಳನ್ನು ಚೌಕಾಸಿಯಲ್ಲಿ ಕೈಬಿಟ್ಟರು. ವಿಶ್ವಸಂಸ್ಥೆ ಅಂಗೀಕರಿಸಿದ್ದು 1948ರ ಡಿಸೆಂಬರ್ 9. ಮಾರನೇ ದಿನವೇ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ. ಅದರ ಕರಡಿನಲ್ಲಿ ಫ್ರಾನ್ಸಿನ ಯೆಹೂದಿ ರೆನೆ ಕಸ್ಸಾನ್ ಅವರದ್ದು ದೊಡ್ಡ ಕೈ. 'ಎಲ್ಲ ಪುರುಷರೂ' ಅನ್ನೋ ಧಾಟಿಯನ್ನು 'ಎಲ್ಲ ಮಾನವರೂ' ಅಂತ ಬದಲಾಯಿಸಲು ಪಟ್ಟುಹಿಡಿದದ್ದು ನಮ್ಮ ಹನ್ಸಾ ಮೆಹ್ತಾ.

ದಾಸ್ತಾನು
ದಾರ್ಫುರ್‌ಗೆ ಬರೋಣ. 'ಕೂಗಿದರು' ಅಂದರೆ ಏನು ಮಾಡಿದರು ಅನ್ನೋದನ್ನು ಯಾರೂ ಬಿಡಿಸಲಿಲ್ಲ. ದುಡ್ಡಿನ ಕಡೆಯಿಂದ ನೋಡಿ.

ಸುಡಾನ್ ಸರ್ಕಾರದ ಆದಾಯದ ಬೇರು ತೈಲ. ಮುಖ್ಯ ಕೂಟ ಗ್ರೇಟರ್ ನೈಲ್ ಪೆಟ್ರೋಲಿಯಂ, ಅದರಲ್ಲಿ ಚೀನಾದ ಸಿಎನ್‌ಪಿಸಿ 40%, ಮಲೇಷ್ಯಾದ ಪೆಟ್ರೊನಾಸ್ 30%, ನಮ್ಮ ಒಎನ್‌ಜಿಸಿ ವಿದೇಶ್ 25%, ಉಳಿದ 5% ಸುಡಾನಿನ ಸುಡಾಪೆಟ್. ಹಾಗಾಗಿ ಚಳವಳಿಯವರು ಹಿಡಿದದ್ದು ಪಿಂಚಣಿ ನಿಧಿ ಮತ್ತು ವಿಶ್ವವಿದ್ಯಾಲಯಗಳ ಷೇರುಗಳನ್ನು. ಸುಡಾನ್ ಜೊತೆ ವ್ಯವಹಾರ ಇರೋ ಎಲ್ಲ ಕಂಪನಿಗಳನ್ನೂ ಬಿಡಿ ಅನ್ನಲಿಲ್ಲ. ಜರಡಿ ಹೀಗಿತ್ತು: ಸರ್ಕಾರದ ಜೊತೆ ವ್ಯವಹಾರ ಇರಬೇಕು, ಅದರಿಂದ ಸಾಮಾನ್ಯ ಜನಕ್ಕೆ ಲಾಭ ಇಲ್ಲದಿರಬೇಕು, ದಾರ್ಫುರ್ ಬಗ್ಗೆ ಕಂಪನಿಗೆ ಯಾವ ನೀತಿಯೂ ಇಲ್ಲದಿರಬೇಕು. ಮೂರೂ ಕೂಡಿದರೆ ಮಾತ್ರ ಪಟ್ಟಿಗೆ. ಅಂದರೆ ಬೀಳುತ್ತಿದ್ದದ್ದು ತೈಲ, ಗಣಿ, ವಿದ್ಯುತ್, ಆಯುಧ. ಔಷಧಿ, ಬೇಸಾಯ, ಶಿಕ್ಷಣ ಹೊರಗೆ. ಮೊದಲು ಕಾಗದ ಬರೆದು ಗಡುವು ಕೊಡೋದು, ಉತ್ತರ ಬರದಿದ್ದರೆ ಷೇರು ಮಾರೋದು.

ಹಾರ್ವರ್ಡ್ 2005ರ ಏಪ್ರಿಲ್‌ನಲ್ಲಿ ಪೆಟ್ರೊಚೈನಾ ಷೇರು ಬಿಟ್ಟಿತು. ಕ್ಯಾಲಿಫೋರ್ನಿಯಾ 2006ರಲ್ಲಿ ಕಾನೂನೇ ಮಾಡಿತು.

ಎಡವಿದ್ದು ಎಲ್ಲಿ? ಒಂದು, ಇಲಿನಾಯ್ ರಾಜ್ಯದ ಕಾನೂನು ವಿಪರೀತ ಅಗಲ ಇತ್ತು, 2007ರ ಫೆಬ್ರವರಿಯಲ್ಲಿ ಫೆಡರಲ್ ಕೋರ್ಟು ಹೊಡೆದುಹಾಕಿತು, ವಿದೇಶಾಂಗ ನೀತಿ ರಾಜ್ಯಗಳ ಕೆಲಸ ಅಲ್ಲ ಅಂತ. ಅದಕ್ಕೇ ಆ ವರ್ಷದ ಕೊನೇ ದಿನ ಬುಷ್ ಸಹಿ ಹಾಕಿದ ಕೇಂದ್ರ ಕಾನೂನು ಬೇಕಾಯಿತು. ಇನ್ನೊಂದು, ಸುಡಾನಲ್ಲಿದ್ದದ್ದು ತಾಯಿ ಕಂಪನಿ ಸಿಎನ್‌ಪಿಸಿ, ಷೇರು ಪೇಟೆಯಲ್ಲಿದ್ದದ್ದು ಮಗಳು ಪೆಟ್ರೊಚೈನಾ. 'ನಮಗೂ ಸುಡಾನಿಗೂ ಸಂಬಂಧ ಇಲ್ಲ' ಅಂತ ಮಗಳು ಕೈತೊಳೆದುಕೊಳ್ಳುತ್ತಿದ್ದಳು. ಎಲ್ಲಕ್ಕಿಂತ ದೊಡ್ಡ ತೂತು: ಮಾರಿದ ಪಾಲನ್ನು ಇನ್ನೊಬ್ಬ ಕೊಳ್ಳುತ್ತಾನೆ. ಒಎನ್‌ಜಿಸಿಗೆ ಆ 25% ಸಿಕ್ಕಿದ್ದೇ ಹಾಗೆ. ಕೆನಡಾದ ಟಾಲಿಸ್ಮನ್ ಕಂಪನಿ ಚರ್ಚುಗಳ, ಹಕ್ಕು ಸಂಘಟನೆಗಳ ಒತ್ತಡ ತಾಳಲಾರದೆ 2003ರಲ್ಲಿ ಕೊಟ್ಟುಹೋಯಿತು, ನಾವು ಕೊಂಡೆವು. ಎಣ್ಣೆ ಹರಿಯೋದೇನೂ ನಿಲ್ಲಲಿಲ್ಲ.

ಅರ್ಧಲೋಟ
ಅಂದ್ರೆ ನಮ್ಮ ಸರ್ಕಾರಿ ಕಂಪನಿಯೇ ಆ ಪಟ್ಟಿಯಲ್ಲಿತ್ತು! ಇದು ಗೊತ್ತೇ ಇರಲಿಲ್ಲ.

ದಾಸ್ತಾನು
ಇತ್ತು. ಇನ್ನೊಂದು ಕೇಳಿ: ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ವಾರಂಟ್ ತಲೆ ಮೇಲಿದ್ದ ಆಗಿನ ಸುಡಾನ್ ಅಧ್ಯಕ್ಷ ಒಮರ್ ಅಲ್ ಬಶೀರ್ 2015ರ ಅಕ್ಟೋಬರ್‌ನಲ್ಲಿ ಆಫ್ರಿಕಾ ಶೃಂಗಸಭೆಗೆ ದೆಹಲಿಗೇ ಬಂದು ಹೋದ. ಭಾರತ ಆ ನ್ಯಾಯಾಲಯದ ಸದಸ್ಯ ಅಲ್ಲ, ಹಿಡಿಯಲಿಲ್ಲ.

ಮುಂಗಾರು
ದಾಸ್ತಾನು ಅವರು ದುಡ್ಡಿನದ್ದು ಹೇಳಿದರು. ಕೂಗಿನಿಂದಲೇ ಆದ ಅನಾಹುತಗಳನ್ನು ಹೇಳಬೇಕಲ್ಲ.

2007ರಲ್ಲಿ ಸೇವ್ ದಾರ್ಫುರ್ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟು ಹಾರಾಟ ನಿಷೇಧ ವಲಯ ಮಾಡಿ ಅಂತ ಕೇಳಿತು. ಅಲ್ಲಿ ಕೆಲಸ ಮಾಡುತ್ತಿದ್ದ ಪರಿಹಾರ ಸಂಸ್ಥೆಗಳಿಗೆ ಎದೆ ಝಲ್ ಅಂತು. ಆಹಾರ, ಔಷಧಿ, ಜನ ಎಲ್ಲ ಓಡಾಡುತ್ತಿದ್ದದ್ದು ವಿಮಾನದಲ್ಲೇ. ಆಕಾಶ ಮುಚ್ಚಿದರೆ ಮೊದಲು ಉಪವಾಸ ಬೀಳೋದು ಶಿಬಿರದವರು. ಒಕ್ಕೂಟದ ಕಾರ್ಯನಿರ್ವಾಹಕ ನಿರ್ದೇಶಕರು ಅದೇ ವರ್ಷ ಜಾಗ ಬಿಟ್ಟರು. ಅದೇ ವರ್ಷ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ, '4 ಲಕ್ಷ ಜನ ಸತ್ತಿದ್ದಾರೆ' ಅನ್ನೋ ಅಂದಾಜನ್ನು ಖಚಿತ ಸಂಗತಿ ಎಂಬಂತೆ ಹೇಳಬಾರದಿತ್ತು ಅಂತ ತೀರ್ಪು ಕೊಟ್ಟಿತು. ಸಂಖ್ಯೆ ಉಬ್ಬಿಸಿದರೆ ನಿಜವಾದ ಸಾವಿಗೂ ಬೆಲೆ ಇಳಿಯುತ್ತೆ.

ಆಮೇಲೆ 2009ರ ಮಾರ್ಚ್ 4. ಬಶೀರ್ ಮೇಲೆ ವಾರಂಟ್ ಹೊರಟಿತು, ಎಲ್ಲರೂ ಚಪ್ಪಾಳೆ. ಆತ ತಕ್ಷಣ 13 ವಿದೇಶಿ ಪರಿಹಾರ ಸಂಸ್ಥೆಗಳನ್ನು ಹೊರಗೆ ಹಾಕಿದ. ವಾಷಿಂಗ್ಟನ್‌ನಲ್ಲಿ ಚಪ್ಪಾಳೆ ಹೊಡೆದವರ ಊಟವೇನೂ ತಪ್ಪಲಿಲ್ಲ.

ಶಾಂತಿಪಾಲನಾ ಪಡೆ? 2007ರ ಜುಲೈ 31ರ 1769ನೇ ನಿರ್ಣಯ, ಸುಮಾರು 26,000 ಜನರ ಪಡೆ. ಕಾಗದದಲ್ಲಿ ದೊಡ್ಡದು. 24 ಹೆಲಿಕಾಪ್ಟರ್ ಬೇಕು ಅಂತ ವಿಶ್ವಸಂಸ್ಥೆ ತಿಂಗಳುಗಟ್ಟಲೆ ಬೇಡಿತು, ದಾರ್ಫುರ್‌ಗಾಗಿ ಭಾಷಣ ಮಾಡಿದ ದೊಡ್ಡ ದೇಶಗಳು ಯಾವುವೂ ಮುಂದೆ ಬರಲಿಲ್ಲ. ಆ ಪಡೆಯ ಅವಧಿ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. 2023ರ ಏಪ್ರಿಲ್ 15ಕ್ಕೆ ಮತ್ತೆ ಯುದ್ಧ.

ಪೇಡೆನಗರ
ಬರೇ ಸೋತದ್ದs ಹೇಳಬ್ಯಾಡ್ರಿ. ಲಾಸ್ ಏಂಜಲೀಸ್‌ನ ರಬ್ಬಿ ಹೆರಾಲ್ಡ್ ಶುಲ್‌ವೈಸ್ 2004ರಾಗ ಕಟ್ಟಿಸಿದ ಜ್ಯೂಯಿಶ್ ವರ್ಲ್ಡ್ ವಾಚ್ ಚಾಡ್ ದೇಶದ ಇರಿಡಿಮಿ ಶಿಬಿರಕ್ಕ ಸೌರ ಒಲಿ ಕಳಿಸ್ತು. ಯಾಕಂದ್ರ ಕಟಗಿ ತರಾಕ ಶಿಬಿರದ ಹೊರಗ ಹೋದ ಹೆಣ್ಣಮಕ್ಕಳ ಮ್ಯಾಲೇ ಅತ್ಯಾಚಾರ ಆಗತಿತ್ತು. ಕಟಗೀನs ಬ್ಯಾಡ ಅನ್ನೂ ಹಂಗ ಮಾಡೋದು.

ಒಲಿ ಅಂದ್ರ ದೊಡ್ಡದೇನಲ್ಲ. ರಟ್ಟಿನ ಹಾಳಿ, ಅದಕ್ಕ ಅಂಟಿಸಿದ ಅಲ್ಯುಮಿನಿಯಂ ಫಾಯಿಲ್, ನಡುವ ಕರೀ ಬಣ್ಣದ ಪಾತ್ರಿ, ಪಾತ್ರಿ ಸುತ್ತ ಬಿಸಿ ತಡಿಯೂ ಪಾರದರ್ಶಕ ಚೀಲ. ಬಿಸಿಲಿಗೆ ಮಾರಿ ಮಾಡಿ ಇಟ್ರ ಎರಡು ಮೂರು ತಾಸಿನ್ಯಾಗ ಬೇಯತೈತಿ, ತಳಾ ಹತ್ತಂಗಿಲ್ಲ, ತಿರುವೂದೂ ಬ್ಯಾಡ.

ಕರಾವಳಿ_ಕಾಗೆ
ನಮ್ಮ ಊರಿನ ಜೂನ್ ತಿಂಗಳಲ್ಲಿ ಅದರಲ್ಲಿ ಗಂಜಿ ಬೇಯ್ಸಿ ತೋರಿಸಿ ನೋಡುವ.

ಪೇಡೆನಗರ
ಅದಕ್ಕs ಅದನ್ನ ಚಾಡ್‌ಕ್ಕ ಕಳಿಸ್ಯಾರ, ಮಂಗಳೂರಿಗಲ್ಲ! ಅಲ್ಲೂ ತೊಂದ್ರಿ ಇದ್ದವು. ಗಾಳಿ ಬಂದ್ರ ರಟ್ಟು ಮಗುಚತೈತಿ, ನೀರು ತಾಗಿದ್ರ ಮೆತ್ತಗಾಗತೈತಿ, ಚೀಲ ಹರೀತೈತಿ, ಹೊತ್ತು ಮುಳುಗಿದ ಮ್ಯಾಲೆ ಉಪಯೋಗ ಇಲ್ಲ. ಹಂಗಾಗಿ ಶಿಬಿರದ ಹೆಣ್ಣಮಕ್ಕಳಿಗೇ ಜೋಡಿಸೋದು ಕಲಿಸಿ ಕೂಲಿ ಕೊಟ್ಟು ಅಲ್ಲೇ ತಯಾರು ಮಾಡಿಸಿದ್ರು.

ಅರ್ಧಲೋಟ
ನೇರವಾಗಿ ಕೇಳ್ತೀನಿ. ಅಂದು ದಾರ್ಫುರ್ ಹಿಡಿದದ್ದು ಕೊಲ್ಲೋರು ಅರಬರು ಅನ್ನೋ ಕಾರಣಕ್ಕೆ ಅಲ್ವಾ? ಇಂದು ಸುಮ್ಮನಿರೋದು ಆರ್‌ಎಸ್‌ಎಫ್ ಬೆನ್ನಿಗೆ ಯುಎಇ ಇದೆ, ಯುಎಇ 2020ರ ಅಬ್ರಹಾಂ ಒಪ್ಪಂದದಿಂದ ಇಸ್ರೇಲ್ ದೋಸ್ತಿ ಅನ್ನೋ ಕಾರಣಕ್ಕೆ. ಲೆಕ್ಕ ತಾಳೆ ಆಯ್ತಲ್ಲ.

ಮುಂಗಾರು
ಅಷ್ಟು ಸಲೀಸಾಗಿ ತಾಳೆ ಆಗಲ್ಲ. 'ಅರಬರು ವರ್ಸಸ್ ಆಫ್ರಿಕನ್ನರು' ಅಂತ ಚಿತ್ರ ಸರಳ ಮಾಡಿದರು ಅನ್ನೋ ಟೀಕೆ ಮಹಮೂದ್ ಮಮ್ದಾನಿ ಅವರಂಥ ವಿದ್ವಾಂಸರಿಂದ ಬಂತು, ಅದರಲ್ಲಿ ಹುರುಳಿದೆ. ಆದರೆ ದಾರ್ಫುರ್‌ನಲ್ಲಿ ಸತ್ತವರೂ ಮುಸ್ಲಿಮರೇ. ಮ್ಯಾನ್ಮಾರ್ ನೋಡಿ, ಅಲ್ಲಿ ಕೊಂದವರು ಅರಬರಲ್ಲ, ಸತ್ತವರು ಮುಸ್ಲಿಮರು. 2017ರಲ್ಲಿ 7 ಲಕ್ಷಕ್ಕೂ ಹೆಚ್ಚು ರೊಹಿಂಗ್ಯಾಗಳು ಓಡಿ ಬಂದಾಗ ಅಮೆರಿಕದ ಯೆಹೂದಿ ಸಂಘಟನೆಗಳು ಅವರಿಗಾಗಿಯೇ ಒಂದು ಜಾಲ ಕಟ್ಟಿದವು. ಹಾಲೊಕಾಸ್ಟ್ ಮ್ಯೂಸಿಯಂ ಆಂಗ್ ಸಾನ್ ಸೂ ಕಿಗೆ ಕೊಟ್ಟ ಎಲೀ ವೀಸೆಲ್ ಪ್ರಶಸ್ತಿಯನ್ನು 2018ರ ಮಾರ್ಚ್‌ನಲ್ಲಿ ವಾಪಸ್ ತಗೊಂಡಿತು. ಇಸ್ರೇಲಿನ ಒಳಗೇ ವಕೀಲ ಎಯ್ತಾಯ್ ಮ್ಯಾಕ್ ಮ್ಯಾನ್ಮಾರ್‌ಗೆ ಆಯುಧ ಮಾರಾಟ ನಿಲ್ಲಿಸಿ ಅಂತ ಹೈಕೋರ್ಟ್‌ಗೆ ಹೋದರು, ತೀರ್ಪನ್ನೇ ಗುಟ್ಟಾಗಿ ಇಟ್ಟರು.

ಯುಎಇ ವಿಷಯ: ಆಯುಧ ಕೊಟ್ಟಿಲ್ಲ ಅನ್ನೋದು ಅವರ ಮಾತು. ದೋಸ್ತಿ ಕೆಡಿಸಬಾರದು ಅನ್ನೋ ಮುಲಾಜು ಕೆಲವರಿಗೆ ಇರಬಹುದು. ಆದರೆ 2023ರ ಅಕ್ಟೋಬರ್ 7ರಂದು ಸುಮಾರು 1,200 ಜನ ಸತ್ತು 251 ಜನ ಒತ್ತೆಯಾಳಾದ ಮೇಲೆ ಆ ಸಂಘಟನೆಗಳ ದುಡ್ಡು, ಜನ, ಗಮನ ಎಲ್ಲ ಅತ್ತ ಹೋಯಿತು ಅನ್ನೋದು ಇನ್ನೂ ದೊಡ್ಡ ಕಾರಣ.

ಕರಾವಳಿ_ಕಾಗೆ
ಅಕ್ಟೋಬರ್ 7 ಹೇಳಿದಿರಿ, ಆಮೇಲಿನ ಗಾಜಾ ಯಾರು ಹೇಳುದು? ಸುಡಾನ್, ಚೀನಾ, ಮ್ಯಾನ್ಮಾರ್ ಎಲ್ಲ ಆಯ್ತು. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಗಾದೆ ಉಂಟಲ್ಲ.

ಅರ್ಧಲೋಟ
ಬಂತು ನೋಡಿ. ಲಂಡನ್ನಲ್ಲಿ ಅಂಗಡಿ ಇಟ್ಕೊಂಡಿರೋ ಯೆಹೂದಿ ಇಸ್ರೇಲ್ ಸರ್ಕಾರಕ್ಕೆ ಯಾಕೆ ಉತ್ತರ ಕೊಡಬೇಕು? ಹಾಗೆ ಕೇಳೋದೇ ದ್ವೇಷ.

ನಿರ್ವಾಹಕ
ಇಬ್ಬರೂ ತಣ್ಣಗೆ. ವಿಷಯ ಬಿಟ್ಟು ವ್ಯಕ್ತಿಗೆ ಬಂದರೆ ಎಳೆ ಮುಚ್ಚುತ್ತೇನೆ.

ಹಳೆಗಂಟು
ಇಬ್ಬರ ಮಾತಲ್ಲೂ ಅರ್ಧರ್ಧ ಸರಿ ಇದೆ ಅಂತ ಜಾರಿಕೊಳ್ಳಲ್ಲ, ಬೇರೆ ಬೇರೆ ಮಾಡಿ ಹೇಳ್ತೀನಿ. ಬೀದಿಯಲ್ಲಿ ಹೋಗೋ ಯೆಹೂದಿಯನ್ನು ನಿಲ್ಲಿಸಿ 'ನಿನ್ನ ನಿಲುವೇನು' ಅನ್ನೋದು ದಬ್ಬಾಳಿಕೆ. ಆದರೆ ಒಂದು ಸಂಘಟನೆ ತನ್ನ ಹೆಸರಲ್ಲಿ, ತನ್ನ ದೇಣಿಗೆಯಲ್ಲಿ ಇಸ್ರೇಲ್ ಬಗ್ಗೆ ಮಾತಾಡುತ್ತಿದ್ದರೆ, ಅಲ್ಲಿ ಅದರ ಮಾತು ನಡೆಯುತ್ತಿದ್ದರೆ, ಶಬ್ಬಾತ್ 54ಬಿ ಅದಕ್ಕೆ ಪೂರ್ತಿ ಅನ್ವಯ. ಬೀಜಿಂಗ್ ಅವರ ಕಾಗದ ಓದುತ್ತೋ ಇಲ್ಲವೋ, ಜೆರುಸಲೇಮ್ ಓದುತ್ತೆ. ಶಕ್ತಿ ಎಲ್ಲಿ ಹೆಚ್ಚೋ ಹೊಣೆ ಅಲ್ಲಿ ಹೆಚ್ಚು. ಆಮೋಸನ ಪಟ್ಟಿ ಮೋವಾಬ್‌ಗೆ ನಿಲ್ಲಲ್ಲ ಅಂತ ಆಗಲೇ ಹೇಳಿದೆನಲ್ಲ.

ಯಾರೂ ಮಾತಾಡಿಲ್ಲ ಅನ್ನೋದೂ ಸುಳ್ಳು. ರಬ್ಬೀಸ್ ಫಾರ್ ಹ್ಯೂಮನ್ ರೈಟ್ಸ್ ಇರೋದು 1988ರಿಂದ. ಇಸ್ರೇಲಿನ ಹಕ್ಕು ಸಂಘಟನೆ ಬೆತ್ಸೆಲೆಮ್ 1989ರಿಂದ, ಆ ಹೆಸರೇ ಆದಿಕಾಂಡ 1:27ರಿಂದ ಬಂದದ್ದು, '(ದೇವರ) ಸ್ವರೂಪದಲ್ಲಿ' ಅಂತ. ಗಾಜಾದಲ್ಲಿ ನಡೆಯುತ್ತಿರೋದು ಜನಾಂಗಹತ್ಯೆ ಅಂತ 2025ರ ಜುಲೈ 28ಕ್ಕೆ ವರದಿ ಕೊಟ್ಟದ್ದು ಅದೇ ಬೆತ್ಸೆಲೆಮ್, ಜೊತೆಗೆ ಇಸ್ರೇಲಿನ ವೈದ್ಯರ ಸಂಘಟನೆ. ಇಸ್ರೇಲ್ ಸರ್ಕಾರ ಇದನ್ನು ಸಾರಾಸಗಟು ತಳ್ಳಿಹಾಕಿದೆ, ಬಹಳ ಯೆಹೂದಿ ಸಂಘಟನೆಗಳೂ ಒಪ್ಪಿಲ್ಲ.

ಕೆಂಪುಶಾಯಿ
ಸುಮ್ಮನಿದ್ದರೆ ಬಚಾವ್ ಅನ್ನೋ ಲೆಕ್ಕಕ್ಕೆ ಅರ್ಜೆಂಟೀನಾ ನೋಡಬೇಕು. 1976ರಿಂದ 83ರವರೆಗೆ ಸೇನಾಡಳಿತ. ಯೆಹೂದಿಗಳು ಜನಸಂಖ್ಯೆಯ ಶೇ 1ಕ್ಕಿಂತ ಸ್ವಲ್ಪ ಹೆಚ್ಚುಕಡಿಮೆ, ಸೇನೆ ಹೊತ್ತೊಯ್ದು ಕಾಣೆಯಾದವರಲ್ಲಿ ಅದರ ಹಲವು ಪಟ್ಟು. ಸಮುದಾಯದ ಅಧಿಕೃತ ಸಂಸ್ಥೆ ಡಿಎಐಎ ಒಳಗೊಳಗೇ ಮಾತಾಡಿ ನೋಡೋಣ ಅಂದುಕೊಂಡಿತು. ಕಾಣೆಯಾದವರ ತಾಯಂದಿರು ಅಲ್ಲಿ ಬಾಗಿಲು ತಟ್ಟಿ ಬರಿಗೈಲಿ ವಾಪಸಾದರು. ಆ ಸಿಟ್ಟು ಇವತ್ತಿಗೂ ಆರಿಲ್ಲ.

ಬಾಗಿಲು ತೆಗೆದದ್ದು ಮಾರ್ಷಲ್ ಮೇಯರ್, ಅಮೆರಿಕದಿಂದ 1959ರಲ್ಲಿ ಅಲ್ಲಿಗೆ ಹೋಗಿದ್ದ ರಬ್ಬಿ. ಜೈಲಿಗೆ ಹೋಗಿ ಕೈದಿಗಳನ್ನು ನೋಡುತ್ತಿದ್ದರು, ಪತ್ರಕರ್ತ ಹಾಕೊಬೊ ಟಿಮೆರ್ಮನ್ ಅವರನ್ನೂ. ಯೆಹೂದಿ ಕೈದಿ ಅಂತ ನೋಡಿ ಹೋಗುತ್ತಿರಲಿಲ್ಲ. ಪ್ರಜಾಪ್ರಭುತ್ವ ಬಂದಮೇಲೆ ಕಾಣೆಯಾದವರ ತನಿಖಾ ಆಯೋಗದಲ್ಲಿ ಅವರನ್ನು ಸದಸ್ಯ ಮಾಡಿದರು. 1984ರ ವರದಿಗೆ 'ನುಂಕಾ ಮಾಸ್', ಅಂದರೆ 'ಇನ್ನೆಂದಿಗೂ ಬೇಡ', ಅನ್ನೋ ಹೆಸರು ಸೂಚಿಸಿದವರು ಅವರೇ. ನಾಜಿಗಳು ಯೆಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾ ಘೆಟ್ಟೊದವರ ಮಾತದು. ಯೆಹೂದಿಗಳ ಮಾತು ಹೀಗೆ ಇಡೀ ದೇಶದ್ದಾಯಿತು.

ಮುಂಗಾರು
ದಕ್ಷಿಣ ಆಫ್ರಿಕದ್ದೂ ಇದೇ ಪಾಡು. ಹೆಲೆನ್ ಸುಜ್ಮನ್ 1961ರಿಂದ 74ರವರೆಗೆ ಪ್ರಗತಿಪರ ಪಕ್ಷದ ಒಬ್ಬಂಟಿ ಸದಸ್ಯೆಯಾಗಿ ಸಂಸತ್ತಲ್ಲಿ ನಿಂತು ಬಡಿದಾಡಿದರು. ರಿವೋನಿಯಾ ಪ್ರಕರಣದಲ್ಲಿ ಮಂಡೇಲಾ ಜೊತೆ ಸಿಕ್ಕಿಬಿದ್ದ ಬಿಳಿಯರಲ್ಲಿ ಹೆಚ್ಚಿನವರು ಯೆಹೂದಿಗಳು. ಅವರ ವಿರುದ್ಧ ವಾದಿಸಿದ ಸರ್ಕಾರಿ ವಕೀಲ ಪರ್ಸಿ ಯುಟಾರ್ ಕೂಡ ಯೆಹೂದಿ! ಅಲ್ಲಿನ ಯೆಹೂದಿ ಮಂಡಳಿ ರಾಜಕೀಯ ನಮಗ್ಯಾಕೆ ಅಂತ ಕೂತದ್ದು, ವರ್ಣಭೇದವನ್ನು ಹೆಸರು ಹಿಡಿದು ತಿರಸ್ಕರಿಸಿದ್ದು 1985ರಲ್ಲಿ.

ಚಾವಡಿ
ದಕ್ಷಿಣ ಆಫ್ರಿಕ ಅಂದಾಗ ಗಾಂಧಿ ಜೊತೆಗಿದ್ದ ಪೋಲಾಕ್, ಕಾಲೆನ್‌ಬಾಖ್ ನೆನಪಾದರು. ಅವರೂ ಯೆಹೂದಿಗಳೇ ಅಲ್ವಾ?

ದಾಸ್ತಾನು
ಹೌದು, ಕಾರ್ಯದರ್ಶಿ ಸೋನಿಯಾ ಶ್ಲೆಸಿನ್ ಕೂಡ. ಕಾಲೆನ್‌ಬಾಖ್ 1910ರಲ್ಲಿ 1,100 ಎಕರೆ ಕೊಟ್ಟರು, ಅದೇ ಟಾಲ್‌ಸ್ಟಾಯ್ ಫಾರ್ಮ್. ಈ ಎಳೆಗೆ ಹೆಚ್ಚು ಒಪ್ಪೋದು ಹೆನ್ರಿ ಪೋಲಾಕ್. 1909ರಲ್ಲಿ ಭಾರತಕ್ಕೆ ಬಂದು ಊರೂರು ತಿರುಗಿ, ನೇಟಾಲ್‌ನ ಕರಾರು ಕೂಲಿಗಳ ಸ್ಥಿತಿ, ಕರಾರು ಮುಗಿದವರ ಮೇಲಿನ ವರ್ಷಕ್ಕೆ 3 ಪೌಂಡ್ ತೆರಿಗೆ, ಎಲ್ಲ ಲೆಕ್ಕಸಮೇತ ಮುಂದಿಟ್ಟರು. ಗೋಖಲೆ 1910ರ ಫೆಬ್ರವರಿಯಲ್ಲಿ ಶಾಸನಸಭೆಯಲ್ಲಿ ನಿರ್ಣಯ ಮಂಡಿಸಿದರು, 1911ರ ಜುಲೈ 1ರಿಂದ ನೇಟಾಲ್‌ಗೆ ಕೂಲಿ ಸಾಗಣೆ ನಿಂತಿತು. ನಿರ್ದಿಷ್ಟ ಬೇಡಿಕೆ, ಒಪ್ಪಿಸಬಲ್ಲ ಕಿವಿ, ಸರಿಯಾದ ಅಂಕಿ. ಮೂರು ಇದ್ದದ್ದಕ್ಕೇ ಅದು ನಡೆಯಿತು.

ಪದಕೋಶ
ಚೀನಾದ ಶಿನ್‌ಜಿಯಾಂಗ್ ಪ್ರಾಂತ್ಯದ ಉಯ್ಗುರ್ ಮುಸ್ಲಿಮರ ಬಗ್ಗೆ ಯಾರೂ ಎತ್ತಲಿಲ್ಲ. ಬ್ರಿಟನ್ನಿನ ಯೆಹೂದಿ ಬೋರ್ಡ್ ಆಫ್ ಡೆಪ್ಯೂಟೀಸ್ 2020ರ ಜುಲೈನಲ್ಲಿ ಚೀನಾ ರಾಯಭಾರಿಗೆ ಕಾಗದ ಬರೆಯಿತು. ರೈಲಿಗೆ ಜನರನ್ನು ತುಂಬುವ ದೃಶ್ಯ ನೋಡಿದರೆ ನಾಜಿ ಕಾಲ ನೆನಪಾಗದೆ ಇರಲ್ಲ ಅನ್ನೋ ಅರ್ಥದಲ್ಲಿ. ಹಾಲೊಕಾಸ್ಟ್ ಹೋಲಿಕೆಯನ್ನು ಅವರು ಸುಮ್ಮಸುಮ್ಮನೆ ಬಳಸಲ್ಲ, ಅದಕ್ಕೇ ಅದಕ್ಕೆ ತೂಕ ಬಂತು. ಡಿಸೆಂಬರ್‌ನಲ್ಲಿ ಚೀಫ್ ರಬ್ಬಿ ಮಿರ್ವಿಸ್ ಬಹಿರಂಗವಾಗಿ ಬರೆದರು.

ದಾಸ್ತಾನು
ಅಲ್ಲಿ ಹಲ್ಲು ಬಂದದ್ದು ಅಮೆರಿಕದ ಕಾನೂನಿಂದ, 2022ರ ಜೂನ್ 21ರಿಂದ ಜಾರಿ. ಶಿನ್‌ಜಿಯಾಂಗ್ ಸರಕು ಅಂದರೆ ಬಲವಂತದ ದುಡಿಮೆಯದ್ದೇ ಅಂತ ಮೊದಲೇ ಊಹಿಸೋದು, ಅಲ್ಲ ಅಂತ ಸಾಬೀತು ಮಾಡೋ ಭಾರ ಆಮದುದಾರನ ಮೇಲೆ. ಹತ್ತಿ ನೂಲಾಗಿ ಬೇರೆ ದೇಶಕ್ಕೆ ಹೋಗಿ ಅಂಗಿಯಾಗಿ ಬಂದರೂ ಬಿಡಲ್ಲ. ದಾರ್ಫುರ್ ಷೇರು ಮಾರಾಟಕ್ಕಿಂತ ಗಟ್ಟಿ, ಯಾಕಂದ್ರೆ ಇಲ್ಲಿ ಇನ್ನೊಬ್ಬ ಕೊಂಡರೂ ಬಂದರಿನಲ್ಲಿ ಮಾಲು ನಿಲ್ಲುತ್ತೆ.

ಅರ್ಧಲೋಟ
ಸರಿ ಸ್ವಾಮಿ, ಸೋತೆ. ಅಲ್ಲ, ಅರ್ಧ ಸೋತೆ. ಸುಮ್ಮನಿದ್ದವರಿಗೆ ಆ ಗ್ರಂಥದಲ್ಲಿ ಶಿಕ್ಷೆ ಏನಾದ್ರೂ ಇದೆಯಾ, ಇಲ್ಲ ಬರೀ ಬೈಗುಳವಾ?

ಹಳೆಗಂಟು
ಸೋಟಾ 11ಎ. ಇಬ್ರಿಯರನ್ನು, ಅಂದರೆ ಅಂದಿನ ಇಸ್ರಾಯೇಲ್ಯರನ್ನು, ಏನು ಮಾಡೋಣ ಅಂತ ಈಜಿಪ್ಟಿನ ಅರಸ ಫರೋಹ ಮೂವರನ್ನು ಕೇಳುತ್ತಾನೆ. ಬಿಳಾಮ ಕೊಲ್ಲು ಅನ್ನುತ್ತಾನೆ, ಮುಂದೆ ತಾನೇ ಕೊಲೆಯಾಗುತ್ತಾನೆ. ಯಿತ್ರೋ ಎದ್ದು ಓಡಿಹೋಗುತ್ತಾನೆ, ಅವನ ವಂಶದವರು ಮಹಾಸಭೆಯಲ್ಲಿ ಕೂರುತ್ತಾರೆ. ಯೋಬ ಬಾಯಿಬಿಡಲ್ಲ. ಬೈಬಲಿನ ಯೋಬನ ಮೈಯ ಹುಣ್ಣು, ಬೂದಿ, ಮಕ್ಕಳ ಸಾವು ಎಲ್ಲ ಅದಕ್ಕೇ ಅನ್ನುತ್ತೆ ತಾಲ್ಮುದ್.

ಕರಾವಳಿ_ಕಾಗೆ
ಹಾಗಾದ್ರೆ ಯಿತ್ರೋನೂ ಏನು ಹೇಳಲಿಲ್ಲ ಅಲ್ಲವಾ ಮಾರಾಯ್ರೆ? ಓಡಿದ್ದಷ್ಟೇ.

ಹಳೆಗಂಟು
ಹೂಂ, ಓಡಿದ್ದಷ್ಟೇ. ಸಭೆ ಬಿಟ್ಟು ಎದ್ದು ಹೋದದ್ದನ್ನೂ ಲೆಕ್ಕಕ್ಕೆ ತಗೊಂಡಿದ್ದಾರೆ.